ಒಳಮಡಿಕೆ

ತೂಕ ಇಳಿಸಲು ನನ್ನ ತಂಗಿ ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡು ಎರಡು ವರ್ಷವಾಯಿತು. ಊಟಕ್ಕೆ ಅರ್ಧ ಬಟ್ಟಲು, ತುತ್ತಿಗೆ ಮೂವತ್ತು ಸಲ ಅಗಿತ. ಈ ನಿಯಮವನ್ನು ಅವಳು ಒಂದು ದಿನವೂ ಮುರಿಯಲಿಲ್ಲ. ಆದರೆ ದಿನವಿಡೀ ಸಕ್ಕರೆ ಹಾಕಿದ ಹಾಲನ್ನು ಗುಟುಕರಿಸುತ್ತಿದ್ದಳು.

"ಕುಡಿಯೋದು ಊಟ ಆಗುತ್ತೇನಕ್ಕಾ?" ಎನ್ನುತ್ತಿದ್ದಳು.

ಇಳಿದ ತೂಕವೆಲ್ಲ ಮರಳಿ ಬಂತು. ಇವತ್ತು ಬಿಗಿಯಾದ ಅಂಗಿಗಳನ್ನು ಟೈಲರ್ ಬಳಿಗೆ ಒಯ್ದೆವು. ತೂಕ ಇಳಿದಾಗ ಅವುಗಳನ್ನು ಚಿಕ್ಕದು ಮಾಡಿಕೊಟ್ಟವನೂ ಅವನೇ. ಒಂದು ಅಂಗಿಯನ್ನು ಒಳಮೈ ಹೊರಗೆ ಮಾಡಿ, ಉಳಿದಿದ್ದ ಬಟ್ಟೆಯನ್ನು ತೋರಿಸಿದ.

"ಹೆಚ್ಚಿನ ಬಟ್ಟೆ ಕತ್ತರಿಸಿ ಬಿಸಾಕು ಅಂದಿದ್ದೆನಲ್ಲಪ್ಪ?" ತಂಗಿ ಕೇಳಿದಳು.

"ಕತ್ತರಿ ಹಾಕೋಕೆ ಕೈ ಬರ್ಲಿಲ್ಲಮ್ಮ. ಒಳಗೇ ಮಡಿಚಿ ಹೊಲಿದಿದ್ದೆ."

ತಂಗಿ ನಕ್ಕಳು. "ನನ್ನ ಹೊಟ್ಟೆ ಕತ್ತರಿಸಿದ ಡಾಕ್ಟರಿಗಿಂತ ನೀನೇ ಜಾಣ. ನಿನಗೆ ಆಗಲೇ ಗೊತ್ತಿತ್ತು, ಬಿಡು."

ಅವನು ತನ್ನ ಸ್ಟೂಲನ್ನು ಅವಳ ಕಡೆಗೆ ಸರಿಸಿ, ನಿಂತುಕೊಂಡೇ ಹೊಲಿಗೆ ಬಿಚ್ಚತೊಡಗಿದ.