ಪಾಲಾದ ಜೋಡಿ

ಅಣ್ಣ ಕೆಂಚವೀರಪ್ಪನ ಜೊತೆ ಗುತ್ತೆಪ್ಪ ಮಾತು ಬಿಟ್ಟು ಎರಡು ವರ್ಷ ಮೂರು ತಿಂಗಳಾಗಿತ್ತು. ಅಪ್ಪ ತೀರಿಕೊಂಡ ಮೇಲೆ ದಾವಣಗೆರೆಯ ಹಳೇಪೇಟೆಯ ಮನೆಯ ನಡುವೆ ಗೋಡೆ ಎದ್ದಿತು. ಹಿತ್ತಲು ಪಾಲಾಯಿತು, ಹಂಡೆ ಕೊಳಗ ಪಾಲಾದವು. ಕೊನೆಗೆ ಉಳಿದದ್ದು ಒಂದು ಗಾಡಿ, ಒಂದು ಜೋಡಿ ಎತ್ತು. ಯಾರಾದರೂ ಒಬ್ಬರು ಇಟ್ಟುಕೊಳ್ಳಿ ಎಂದು ಹಿರಿಯರು ಹೇಳಿದರೆ ಇಬ್ಬರೂ ಒಪ್ಪಲಿಲ್ಲ. ಸಮಪಾಲೆಂದರೆ ಸಮಪಾಲು. ಬೇಸತ್ತ ಹಿರಿಯರು ಸರದಾರನೆಂಬ ಎತ್ತು ಅಣ್ಣನಿಗೆ, ಮೈಲಾರಿ ತಮ್ಮನಿಗೆ, ಗಾಡಿ ಅಣ್ಣನ ಅಂಗಳದಲ್ಲೇ ಇರಲಿ ಎಂದು ಹೇಳಿ ಟವೆಲು ಕೊಡವಿಕೊಂಡು ಎದ್ದುಹೋದರು.

ಕರುಗಳಾಗಿದ್ದಾಗಿನಿಂದ ಒಂದೇ ನೊಗದಡಿ ಪಳಗಿದ ಎತ್ತುಗಳು ಅವು. ಗುತ್ತೆಪ್ಪ ಮೈಲಾರಿಯನ್ನು ತಾನು ಕೆಲಸಕ್ಕಿದ್ದ ಹರಿಹರಕ್ಕೆ ಹೊಡೆದುಕೊಂಡು ಹೋಗಿ ಬೇರೆ ಎತ್ತಿನ ಜೊತೆ ಹೂಡಿ ನೋಡಿದ. ಅದು ರಸ್ತೆಯಲ್ಲೇ ಮಲಗಿಬಿಟ್ಟಿತು. ಐದನೇ ದಿನಕ್ಕೆ ಮೇವೂ ಬಿಟ್ಟಿತು. ಇತ್ತ ಸರದಾರ ಬಾಡಿಗೆಗೆ ತಂದ ಎತ್ತನ್ನು ಹಾಯ್ದು ಅದರ ಪಕ್ಕೆ ಸೀಳಿತು. ಬೇರೆ ದಾರಿ ಕಾಣದೆ ಮೈಲಾರಿ ಅಣ್ಣನ ಕೊಟ್ಟಿಗೆಗೇ ವಾಪಸಾಯಿತು. ವಾರದ ಆರು ದಿನ ಜೋಡಿ ಮಾರುಕಟ್ಟೆಯಿಂದ ಮಿಲ್ಲಿಗೆ ಹತ್ತಿಯ ಅಂಡಿಗೆ ಹೇರಿದ ಗಾಡಿ ಎಳೆಯುತ್ತಿತ್ತು. ಭಾನುವಾರ ಗುತ್ತೆಪ್ಪ ಹರಿಹರದಿಂದ ಬಸ್ಸಿನಲ್ಲಿ ಬಂದು ತನ್ನ ಪಾಲಿನ ಎತ್ತಿನ ಮೈ ಉಜ್ಜಿ, ಗೊರಸು ನೋಡಿ, ಅತ್ತಿಗೆ ಕೊಟ್ರವ್ವ ಕೊಟ್ಟ ನೀರನ್ನೂ ಕುಡಿಯದೆ ಹೋಗುತ್ತಿದ್ದ.

ಅಣ್ಣತಮ್ಮ ಮುಖ ನೋಡಿ ಮಾತಾಡುತ್ತಿರಲಿಲ್ಲ. ಹೇಳಲೇಬೇಕಾದದ್ದನ್ನು ಎತ್ತುಗಳಿಗೆ ಹೇಳುತ್ತಿದ್ದರು.

“ಸರದಾರ, ಕೇಳಿದೇನಲೆ? ಲೇತಿನ ಮುಂದೆ ನಿಂತು ನಿಂತು ಕೆಲವರಿಗೆ ಮಂದಿನೂ ಕಬ್ಬಿಣದಂಗೆ ಕಾಣ್ತಾರಂತೆ” ಎನ್ನುತ್ತಿದ್ದ ಅಣ್ಣ.

“ಮೈಲಾರಿ, ಹೇಳಪ್ಪ ಅವರಿಗೆ. ತಲೆಗೆ ಕೀಲೆಣ್ಣೆ ಹಚ್ಚಿಕೊಂಡ್ರೆ ಕೂದ್ಲು ಕರ್ರಗಾಗ್ತಾವೆ, ಬುದ್ಧಿ ಬರಲ್ಲ” ಎನ್ನುತ್ತಿದ್ದ ತಮ್ಮ.

ಕೊಟ್ರವ್ವ ಸೆಗಣಿ ಬಾಚುತ್ತ, “ಎತ್ತುಗಳೇ ವಾಸಿ ಕಣ್ರೋ, ಕೇಳಿದ್ದನ್ನ ಹೊಟ್ಟೇಲಿ ಇಟ್ಕಳ್ಳಲ್ಲ” ಎನ್ನುತ್ತಿದ್ದಳು.

ಗುತ್ತೆಪ್ಪ ಹರಿಹರದ ಒಂದು ಸಣ್ಣ ಲೇತ್ ಅಂಗಡಿಯಲ್ಲಿ ಕಬ್ಬಿಣ ಕಡೆಯುವ ಟರ್ನರ್. ಕೈ ಅಳತೆಯ ಮನುಷ್ಯ. ಬೆರಳಿನಿಂದ ಸವರಿ ಕೂದಲೆಳೆಯಷ್ಟು ಏರಿಳಿತ ಹೇಳಬಲ್ಲವನು. ಆದರೆ ಇನ್ನೊಬ್ಬರ ಗಂಟೆಗೆ ಏಳುವುದು, ಇನ್ನೊಬ್ಬರ ಗಂಟೆಗೆ ಉಣ್ಣುವುದು ಅವನಿಗೆ ಸಾಕಾಗಿತ್ತು. ಜೋಡಿ ಪೂರ್ತಿ ಕೈಗೆ ಬಂದರೆ ಹರಿಹರ ಸ್ಟೇಷನ್ನಿನಲ್ಲಿ ಸ್ವಂತ ಗಾಡಿ ಹೂಡಬಹುದು. ಒಂದೇ ಎತ್ತು ಎಂದರೆ ಏನೂ ಇಲ್ಲದ ಹಾಗೆ.

ಅರವತ್ತೆರಡರ ಸುಗ್ಗಿಗೆ ಮುಂಚೆ ಸೋದರಮಾವ ಕಲ್ಲೇಶಪ್ಪ ನಡುವೆ ಬಂದು ಒಂದು ಕರಾರು ಮಾಡಿಸಿದ. ಆ ಸುಗ್ಗಿಯಲ್ಲಿ ಗಾಡಿ ಓಟ ಇದ್ದದ್ದು ಮೂರು ಕಡೆ: ಆನಗೋಡು, ನಂದಿಗುಡಿ, ಹರಿಹರ. ಗಾಲಿ ಗುತ್ತೆಪ್ಪನದು, ಹೊಡೆಯುವವನೂ ಅವನೇ. ಗಾಡಿ, ಎತ್ತು ಸಜ್ಜು ಮಾಡಿ ತರುವುದು ಕೆಂಚವೀರಪ್ಪನ ಕೆಲಸ. ಮೂರರಲ್ಲಿ ಎರಡು ಗೆದ್ದರೆ ಜೋಡಿ ತಮ್ಮನದು. ಇಲ್ಲದಿದ್ದರೆ ಮೈಲಾರಿಯೂ ಅಣ್ಣನದು.

“ಆಮೇಲೆ ಯಾರೂ ತಕರಾರು ತೆಗಿಯಂಗಿಲ್ಲ” ಎಂದ ಕಲ್ಲೇಶಪ್ಪ. ಇಬ್ಬರೂ ತಲೆಯಾಡಿಸಿದ್ದು ಅವನ ಕಡೆಗೆ.

ಆ ಓಟಗಳಿಗೆ ಒಂದು ಕಟ್ಟುಪಾಡಿತ್ತು. ಬರುವ ಗಾಡಿ ದುಡಿಯುವ ಗಾಡಿಯೇ ಆಗಿರಬೇಕು. ಮನೆಯಿಂದ ಎರಡು ಅಂಡಿಗೆ ಹೇರಿಕೊಂಡು ತನ್ನ ಗಾಲಿಯ ಮೇಲೇ ಬಯಲಿಗೆ ಬರಬೇಕು. ಅಲ್ಲಿ ಹೇರು ಇಳಿಸಿ, ಖಾಲಿ ಗಾಡಿ ಒಂದು ಫರ್ಲಾಂಗ್ ಓಡಿ, ಕಂಬ ಸುತ್ತಿ ವಾಪಸು ಬರಬೇಕು. ಒಂದು ಸಲಕ್ಕೆ ಒಂದೇ ಗಾಡಿ. ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ನಾಗರಾಜಪ್ಪನವರ ಗಡಿಯಾರ ಹೇಳಿದ್ದೇ ತೀರ್ಪು. ಗಾಲಿಯೊಳಗೆ ಏನು ಮಾಡಿಕೊಂಡಿದ್ದೀರಿ ಎಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ, ಏಕೆಂದರೆ ಅಲ್ಲಿ ಏನಾದರೂ ಮಾಡಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ಗುತ್ತೆಪ್ಪನಿಗೆ ಹೊಳೆದಿತ್ತು. ಎತ್ತಿನ ಗಾಡಿಯ ಗಾಲಿ ಅಚ್ಚಿನ ಮೇಲೆ ಸಡಿಲವಾಗಿ ಕೂತಿರುತ್ತದೆ. ಓಡುವಾಗ ಅಡ್ಡಡ್ಡ ಓಲಾಡುತ್ತದೆ, ಆ ಓಲಾಟಕ್ಕೂ ಎತ್ತೇ ದುಡಿಯಬೇಕು. ಅವನು ಅಚ್ಚಿನ ತುದಿಗಳನ್ನು ಲೇತಿಗೆ ಕೊಟ್ಟು ಗುಂಡಗೆ ಮಾಡಿದ. ಗಾಲಿಯ ನಡುವಿನ ಮರದ ಗುಂಬದೊಳಗೆ ತೆಳು ಹಿತ್ತಾಳೆಯ ಕೊಳವೆ, ಬುಷ್, ಕೂರಿಸಿದ. ಅಚ್ಚಿಗೂ ಬುಷ್ಷಿಗೂ ನಡುವೆ ಬಿಟ್ಟ ಸಂದು ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಅವನ ಸ್ನೇಹಿತ, ಗಾಲಿ ಮಾಡುವ ಬಡಗಿ ಮಸ್ತಾನಸಾಬ್ ಗುಂಬ ಕೊರೆದುಕೊಟ್ಟ. ಅಚ್ಚನ್ನು ಎತ್ತಿ ನಿಲ್ಲಿಸಿ ಕೈಯಿಂದ ಒಮ್ಮೆ ತಿರುವಿದರೆ ಗಾಲಿ ಇಪ್ಪತ್ತೆರಡು ಸುತ್ತು ಸುತ್ತಿ ನಿಂತಿತು. ಹಳೇ ಗಾಲಿ ನಾಲ್ಕೇ ಸುತ್ತು.

ಆನಗೋಡಿನ ಹತ್ತಿ ಕಟಾವಾದ ಹೊಲದಲ್ಲಿ ಜನ ಮೊದಲು ನಕ್ಕರು. “ಕಾರ್ಖಾನೆ ಗಾಡಿ ಬಂತು ನೋಡ್ರಲೇ! ಎತ್ತಿಗೆ ಹುಲ್ಲು ಹಾಕ್ತೀರೋ, ಕ್ರೂಡ್ ಆಯಿಲ್ ಹಾಕ್ತೀರೋ?” ಗುತ್ತೆಪ್ಪ ಹಗ್ಗ ಹಿಡಿದು ಗಾಡಿ ಏರಿದ. ಉಳಿದ ಗಾಡಿಗಳು ಕಂಬದ ಹತ್ತಿರ ಹೊರಕ್ಕೆ ಜಾರಿ ಅಗಲವಾಗಿ ಸುತ್ತಿದವು. ಅವನದು ಕಂಬ ಸವರಿಕೊಂಡೇ ತಿರುಗಿತು. ನಲವತ್ತೇಳು ಸೆಕೆಂಡು. ಎರಡನೇ ಸ್ಥಾನಕ್ಕೆ ಬಂದ ಗಾಡಿಗೆ ಐವತ್ತೊಂದು. ನಗುತ್ತಿದ್ದವರು ಗಾಲಿ ಮುಟ್ಟಿ ನೋಡಲು ಬಂದಾಗ ಅವನು ಗುಂಬದ ಮೇಲೆ ಗೋಣಿತಾಟು ಹೊದಿಸಿದ.

ಕೆಂಚವೀರಪ್ಪ ಸರದಾರನ ಬೆವರು ಒರೆಸುತ್ತ, “ಓಡಿದ್ದು ನೀನಪ್ಪ. ಹೆಸರು ಹಿತ್ತಾಳೆಗೆ” ಎಂದ.

ನಂದಿಗುಡಿಗೆ ಹೋಗುವಷ್ಟರಲ್ಲಿ ಬಿಸಿಲು ಏರಿತ್ತು. ಮರ ಒಣಗಿ ಕುಗ್ಗಿ, ಗಾಲಿಯ ಸುತ್ತ ಹೊದಿಸಿದ ಕಬ್ಬಿಣದ ಹಳಿ ಸಡಿಲಾಗಿ ಗಲಗಲ ಎನ್ನತೊಡಗಿತ್ತು. ತಿರುವಿನಲ್ಲಿ ಹಳಿ ಒಂದಂಗುಲ ಸರಿಯಿತು, ಒಂದೂವರೆ ಸೆಕೆಂಡಿನ ಅಂತರದಲ್ಲಿ ಓಟ ಕೈತಪ್ಪಿತು. ಕೆಂಚವೀರಪ್ಪ ನೆಲಕ್ಕೆ ಕೂತು ಹಳಿಯ ಸಂದಿಗೆ ಉಗುರು ತೂರಿಸಿ ನೋಡಿದ. ಅವನು ಏನೂ ಅನ್ನದಿದ್ದದ್ದೇ ಗುತ್ತೆಪ್ಪನಿಗೆ ಉರಿಯಿತು.

ಉಳಿದದ್ದು ಹರಿಹರ.

ಓಟದ ಹಿಂದಿನ ದಿನ, ಶನಿವಾರ ಸಂಜೆ, ಕೆಲಸ ಮುಗಿಸಿ ಗುತ್ತೆಪ್ಪ ಮಸ್ತಾನಸಾಬನ ಜೊತೆ ಹೊಳೆ ಕಡೆಗೆ ಬಂದ. ಹಳಿಯ ಸಂದಿಗೆ ಬಡಿಯಲೆಂದು ತೆಳು ಬೆಣೆಗಳನ್ನು ಸೀಳಿ ಚೀಲದಲ್ಲಿ ತಂದಿದ್ದ. ದಂಡೆಯ ಮೇಲೆ ನಿಂತು ನೋಡಿದರೆ, ಕೆಳಗೆ, ಓಟಕ್ಕೆಂದು ಒಂದು ದಿನ ಮುಂಚೆಯೇ ಬಂದಿದ್ದ ಕೆಂಚವೀರಪ್ಪ ಎತ್ತು ಬಿಚ್ಚಿದ ಗಾಡಿಯನ್ನು ನೀರಿಗೆ ಇಳಿಸಿ ನಿಲ್ಲಿಸಿದ್ದ. ಗಾಲಿಗಳು ಗುಂಬ ಮುಳುಗುವಷ್ಟು ನೀರಿನಲ್ಲಿದ್ದವು. ಅವನು ಸೊಂಟದುದ್ದ ನೀರಲ್ಲಿ ನಿಂತು ಹಳಿಯ ಮೇಲೆ ಅಂಗೈಯಿಂದ ನೀರು ಎರಚುತ್ತಿದ್ದ.

ಬೇಸಿಗೆಯಲ್ಲಿ ಎಲ್ಲ ಗಾಡಿಯವರೂ ಮಾಡುವ ಕೆಲಸವೇ ಅದು. ನೀರು ಕುಡಿದ ಮರ ಊದುತ್ತದೆ, ಹಳಿ ಬಿಗಿಯಾಗುತ್ತದೆ. ಅವರ ಅಪ್ಪನೂ ಮಾಡುತ್ತಿದ್ದ. ಆದರೆ ಅಪ್ಪನ ಗಾಲಿಯಲ್ಲಿ ಬುಷ್ ಇರಲಿಲ್ಲ. ಗುಂಬದ ಹೊರಮೈಗೆ ಕಬ್ಬಿಣದ ಬಳೆ ಬಿಗಿದಿದೆ. ಮರ ಹೊರಕ್ಕೆ ಊದಲು ಜಾಗವಿಲ್ಲ, ಒಳಕ್ಕೇ ಊದಬೇಕು. ಒಳಗಿರುವುದು ತೆಳು ಹಿತ್ತಾಳೆ. ಹಿತ್ತಾಳೆಗೂ ಅಚ್ಚಿಗೂ ನಡುವೆ ಕೂದಲೆಳೆಯಷ್ಟು ಸಂದು.

ಮಸ್ತಾನಸಾಬ್ ಮೊದಲು ಮಾತಾಡಿದ. “ಏ ಗುತ್ತಣ್ಣ, ಗುಂಬ ಹಿಡ್ಕೊಳ್ತೈತೆ. ಹೋಗಿ ಹೇಳು.”

“ನಾ ಯಾಕ ಹೇಳ್ಲಿ?”

“ಗಾಲಿ ನಿಂದಲ್ಲೇನು? ಬರೇ ‘ಹೊರಗೆ ತೆಗಿ’ ಅನ್ನು. ಎರಡು ಮಾತು.”

“ಎರಡು ವರ್ಷ ತಡ್ಕೊಂಡೀನಿ. ನಾನೇ ಮೊದ್ಲು ಬಾಯಿ ಬಿಡಬೇಕೇನು?”

“ಹಂಗಾದ್ರೆ ನಾ ಹೋಗಿ ಹೇಳ್ತೀನಿ.”

“ಬ್ಯಾಡ. ನೀ ಹೇಳಿದ್ರೆ ನಾ ಕಳಿಸ್ದೆ ಅಂತ ತಿಳೀತಾನೆ.” ಗುತ್ತೆಪ್ಪ ಸ್ನೇಹಿತನ ತೋಳು ಹಿಡಿದುಕೊಂಡ. “ಗೊತ್ತಿದ್ದೇ ಮಾಡ್ತಿರೋದು ಅವ್ನು. ಮಾಡ್ಲಿ. ಗಾಲಿ ಕೆಟ್ರೆ ಕೆಡಿಸಿದೋನು ಯಾರು ಅಂತ ನಾಳೆ ಮಂದಿ ಮುಂದೆ ಗೊತ್ತಾಗ್ಲಿ. ಆಮೇಲೆ ಮಾವ ಏನು ತೀರ್ಪು ಕೊಡ್ತಾನೋ ನೋಡಾಣ.”

ಈ ಮಾತು ಬಾಯಿಂದ ಬರುವವರೆಗೂ ಅದು ತನ್ನ ಮನಸ್ಸಿನಲ್ಲಿದೆ ಎಂದು ಅವನಿಗೇ ತಿಳಿದಿರಲಿಲ್ಲ. ಬಂದ ಮೇಲೆ ಅದು ಬಹಳ ಹಿತವಾಗಿತ್ತು. ಮಸ್ತಾನಸಾಬ್ ತೋಳು ಬಿಡಿಸಿಕೊಂಡು, “ನಿಮ್ಮ ಮನೆ ಮಂದಿ ಸಹವಾಸ ಅಲ್ಲಪ್ಪ” ಎಂದು ನಡೆದುಬಿಟ್ಟ.

ಭಾನುವಾರ ಬೆಳಿಗ್ಗೆ ಗಾಡಿ ದಂಡೆಯ ಮೇಲೆ ನಿಂತಿತ್ತು. ಹಳಿ ಕಲ್ಲಿನಂತೆ ಬಿಗಿಯಾಗಿತ್ತು. ಅಣ್ಣ ಎತ್ತುಗಳಿಗೆ ನೀರು ಕುಡಿಸಲು ಹೋದಾಗ ಗುತ್ತೆಪ್ಪ ಅಚ್ಚಿಗೆ ಕಲ್ಲು ಕೊಟ್ಟು ಎತ್ತಿ ಎಡಗಾಲಿಯನ್ನು ತಿರುವಿದ. ಆರು ಸುತ್ತು. ಬಲಗಾಲಿ ಒಂಬತ್ತು. ಓಟ ಇದ್ದದ್ದು ಮಧ್ಯಾಹ್ನ ಮೂರಕ್ಕೆ. ಬುಷ್ ಹೊರಗೆ ತೆಗೆದು ಅರದಿಂದ ಉಜ್ಜಿ ಕೂರಿಸಲು ಒಂದೂವರೆ ಗಂಟೆ ಸಾಕು. ಮಸ್ತಾನಸಾಬನ ಮನೆ ಕೂಗಳತೆಯಲ್ಲಿತ್ತು. ಗುತ್ತೆಪ್ಪ ಇನ್ನೊಮ್ಮೆ ತಿರುವಿ ಎಣಿಸಿದ. ಆರೇ. ಆರು ಸುತ್ತೆಂದರೂ ಹಳೇ ಗಾಲಿಗಿಂತ ಎರಡು ಹೆಚ್ಚೇ ಎಂದು ತನಗೆ ತಾನೇ ಹೇಳಿಕೊಂಡು ಕಲ್ಲು ಒದ್ದು ಗಾಡಿ ಇಳಿಸಿದ. ಗೆದ್ದರೆ ಜೋಡಿ ತನ್ನದು. ಸೋತರೆ ತಪ್ಪು ಅಣ್ಣನದು.

ಹೊಳೆದಂಡೆಯ ಬಯಲಲ್ಲಿ ಅವತ್ತು ಹನ್ನೊಂದು ಗಾಡಿ. ಅವನ ಸರದಿ ಬರುವಷ್ಟರಲ್ಲಿ ಗೆಲ್ಲಬೇಕಾದ ಹೊತ್ತು ನಲವತ್ತೊಂಬತ್ತು ಸೆಕೆಂಡಿಗೆ ಬಂದು ನಿಂತಿತ್ತು. ನಾಗರಾಜಪ್ಪ ಮೇಷ್ಟ್ರು ಬಾವುಟ ಇಳಿಸಿದರು. ಎತ್ತುಗಳು ಚಿಮ್ಮಿದವು. ಅರ್ಧ ದಾರಿಯಲ್ಲೇ ಗಾಡಿ ಎಡಕ್ಕೆ ಎಳೆಯುವುದು ಗುತ್ತೆಪ್ಪನ ಅಂಗಾಲಿಗೆ ತಿಳಿಯಿತು. ಉಜ್ಜಾಟಕ್ಕೆ ಬಿಸಿಯಾದ ಅಚ್ಚು ಹಿಗ್ಗುತ್ತದೆ, ಹಿಗ್ಗಿದರೆ ಇನ್ನೂ ಉಜ್ಜುತ್ತದೆ. ಅವನಿಗೆ ಇದೆಲ್ಲ ಗೊತ್ತಿತ್ತು. ಸುಟ್ಟ ಎಣ್ಣೆಯ ವಾಸನೆ ಮೂಗಿಗೆ ಬಂತು. ಹಗ್ಗ ಜಗ್ಗಿ ನಿಲ್ಲಿಸುವ ಬದಲು ಅವನು ಬಾರುಕೋಲು ಬೀಸಿದ. ಎಂದೂ ಏಟು ತಿನ್ನದ ಮೈಲಾರಿ ಬೆಚ್ಚಿ ಮುನ್ನುಗ್ಗಿತು. ಕಂಬದ ತಿರುವಿನಲ್ಲಿ ಎಡಗಾಲಿ ಕಿರ್ರೆಂದು ಕಚ್ಚಿಕೊಂಡು ನಿಂತುಬಿಟ್ಟಿತು. ಗಾಡಿ ಅದರ ಮೇಲೇ ಗಿರಕಿ ಹೊಡೆಯಿತು. ನೊಗ ತಿರುಚಿ ಮೈಲಾರಿ ಮುಂಗಾಲು ಮಡಚಿ ಬಿತ್ತು. ಗುತ್ತೆಪ್ಪ ಮರಳಿಗೆ ಎಸೆಯಲ್ಪಟ್ಟ.

ಅವನು ಎದ್ದು ನಿಲ್ಲುವಷ್ಟರಲ್ಲಿ ಕೆಂಚವೀರಪ್ಪ ಓಡಿಬಂದು ಕುಡುಗೋಲಿನಿಂದ ಕೊರಳ ಹಗ್ಗ ಕೊಯ್ದಿದ್ದ. ಮೈಲಾರಿಯ ಮೊಣಕಾಲಿನ ಚರ್ಮ ಸುಲಿದು ರಕ್ತ ಸುರಿಯುತ್ತಿತ್ತು. ಜನ ಸುತ್ತ ಮುತ್ತಿದರು. ಕಲ್ಲೇಶಪ್ಪನೂ ಏದುಸಿರು ಬಿಡುತ್ತ ಬಂದ.

ಗುತ್ತೆಪ್ಪ ಹಿಂದಿನ ಸಂಜೆಯಿಂದ ಜೋಡಿಸಿಟ್ಟುಕೊಂಡಿದ್ದ ಮಾತನ್ನು ಅಣ್ಣನ ಮುಖಕ್ಕೇ ಎಸೆದ. “ನೀನೇ ಕೆಡಿಸಿದ್ದು! ನಿನ್ನೆ ಸಂಜೆ ಗಾಲೀನ ಗುಂಬದ ಮಟ ನೀರಿಗೆ ಇಳಿಸಿದ್ದು ನೀನೇ. ಕಣ್ಣಾರೆ ನೋಡೀನಿ. ಮಸ್ತಾನಸಾಬ್ ಸಾಕ್ಷಿ ಅದಾನೆ!”

ಕೆಂಚವೀರಪ್ಪ ಸಿಕ್ಕಿಬಿದ್ದವನಂತೆ ಕಾಣಲಿಲ್ಲ. “ಹಳಿ ಸಡ್ಲಾಗಿತ್ತಲ್ಲೋ...” ಎಂದು ಶುರು ಮಾಡಿ ನಿಂತ. ತಮ್ಮನನ್ನು ಮೇಲಿಂದ ಕೆಳಗೆ ನೋಡಿದ. “ನೋಡಿದ್ಯಾ? ನೋಡಿನೂ ಎತ್ತು ಹೂಡಿದ್ಯಾ?”

ಕಲ್ಲೇಶಪ್ಪ ಗಾಲಿಯ ಗುಂಬ ಮುಟ್ಟಿ ಬೆರಳು ಸುಟ್ಟುಕೊಂಡು ಕೈ ಹಿಂದಕ್ಕೆ ತೆಗೆದ. “ಗುತ್ತಾ, ನೀರಿಗೆ ಬಿಟ್ರೆ ಹಿಂಗಾಗ್ತೈತೆ ಅಂತ ನಿನಗೆ ಗೊತ್ತಿತ್ತೇನೋ?”

ಗುತ್ತೆಪ್ಪ ಗುಂಪಿನಲ್ಲಿದ್ದ ಮಸ್ತಾನಸಾಬನ ಕಡೆ ನೋಡಿದ. ಅವನು ಹೊಳೆ ನೋಡುತ್ತಿದ್ದ.

“ಅವ್ನನ್ನ ಯಾಕ ನೋಡ್ತೀಯ? ನಾ ಕೇಳ್ತಿರೋದು ನಿನ್ನ.”

“ಅರ್ಧ ಗೊತ್ತಿತ್ತು” ಎಂದ ಗುತ್ತೆಪ್ಪ.

“ಅರ್ಧ! ಅರ್ಧ ಎತ್ತು, ಅರ್ಧ ಮನೆ, ಅರ್ಧ ಬುದ್ಧಿ” ಎಂದು ಯಾರೋ ಹಿಂದಿನಿಂದ ನಕ್ಕರು. ಕಲ್ಲೇಶಪ್ಪ ನಗಲಿಲ್ಲ. “ಕರಾರು ಕರಾರೇ. ಜೋಡಿ ಕೆಂಚಪ್ಪಂದು. ಇನ್ನ ನನ್ನ ಕರೀಬ್ಯಾಡ್ರಿ ಇಬ್ರೂ” ಎಂದು ಬೆನ್ನು ತಿರುಗಿಸಿದ.

ಕೆಂಚವೀರಪ್ಪ ತಲೆಯ ರುಮಾಲು ಬಿಚ್ಚಿ ಮೈಲಾರಿಯ ಮೊಣಕಾಲಿಗೆ ಸುತ್ತುತ್ತಿದ್ದ. ತಲೆ ಎತ್ತದೆಯೇ ಹೇಳಿದ: “ಗೆದ್ದೆ ಅಂತ ಹೊಡ್ಕೊಂಡು ಹೋಗ್ತಿಲ್ಲ ಇದನ್ನ. ನಿನ್ನ ಕೈಯಾಗೆ ಬಿಟ್ರೆ ಕೊಲ್ತೀಯ, ಅದಕ್ಕ.”

“ಸುಳ್ಳು. ಸೋಲಿಸಾಕೇ ನೀರಿಗೆ ಇಳಿಸಿದ್ದು ನೀನು.”

“ಹಂಗೇ ತಿಳ್ಕೊ” ಎಂದ ಕೆಂಚವೀರಪ್ಪ ಎದ್ದು ನಿಂತು. “ಹಂಗೆ ತಿಳ್ಕೊಂಡ್ರೆ ನಿನಗೆ ಊಟ ಸೇರ್ತೈತೆ. ಗಾಡಿ ನಾಳೆ ಹಳೇ ಗಾಲಿ ತಂದು ಒಯ್ತೀನಿ. ನಿನ್ನವು ನೀ ಇಟ್ಕೋ.”

ಗುತ್ತೆಪ್ಪನಿಗೆ ಇನ್ನೂ ಹೇಳುವುದಿತ್ತು. ಎರಡು ವರ್ಷ ಮೂರು ತಿಂಗಳ ಮಾತು ಬಾಕಿ ಇತ್ತು. ಅಣ್ಣ ಕೇಳಲು ನಿಲ್ಲಲಿಲ್ಲ. ಎರಡೂ ಹಗ್ಗ ಒಂದೇ ಕೈಯಲ್ಲಿ ಹಿಡಿದು ದಾವಣಗೆರೆ ರಸ್ತೆಯ ಕಡೆ ನಡೆದ. ಮೈಲಾರಿ ಕುಂಟುತ್ತಿತ್ತು. ನೊಗವಿಲ್ಲದಿದ್ದರೂ ಸರದಾರ ಹೆಜ್ಜೆ ಗಿಡ್ಡ ಮಾಡಿಕೊಂಡು, ಅದರ ಪಕ್ಕೆಗೆ ಪಕ್ಕೆ ತಾಗಿಸಿಕೊಂಡು, ಅದು ನಿಂತಲ್ಲಿ ನಿಲ್ಲುತ್ತ ಹೋಗುತ್ತಿತ್ತು.