ಒಂದು ಗಂಟೆಯ ಸೂತಕ

ಜರ್ಮನ್ನರು ತೂನಿಸ್ ಬಿಟ್ಟುಹೋಗಿ ವರ್ಷವಾದ ಮೇಲೆ, ಅವರ ಕೂಲಿ ಶಿಬಿರದಿಂದ ಬದುಕಿ ಬಂದಿದ್ದ ಖಮೂಸ್ ತನ್ನ ಅಂಗಡಿ ತೆರೆಯುವ ಮೊದಲೇ ಕ್ಷೌರ ಮಾಡಿಸಿಕೊಂಡು, ಒಗೆದ ಅಂಗಿ ತೊಟ್ಟು ಧರ್ಮಗುರುಗಳ ಮನೆಗೆ ಹೊರಟ. ಶಿಬಿರದಲ್ಲಿ ಗೆಳೆಯ ಬಿಶಿ ಸತ್ತದ್ದನ್ನು ಕಂಡವನು ಅವನು. ಕಂಡವರು ಗುರುಗಳ ಮುಂದೆ ಸಾಕ್ಷಿ ನುಡಿಯುವವರೆಗೆ ಬಿಶಿಯ ಹೆಂಡತಿ ಕ್ಮೀರಾ ಅತ್ತ ಗಂಡನುಳ್ಳವಳೂ ಅಲ್ಲ, ಇತ್ತ ವಿಧವೆಯೂ ಅಲ್ಲ. ಆ ಗಂಟು ಬಿಚ್ಚಿದರೆ ಅವಳು ಖಮೂಸನ ಕೈ ಹಿಡಿಯುತ್ತಾಳೆಂದು ಯಹೂದಿಗಳ ಓಣಿಯೆಲ್ಲ ಮಾತಾಡಿಕೊಂಡಿತ್ತು. ಅವಳೂ ಒಪ್ಪಿದ್ದಳು. "ಸಾಕ್ಷಿಗೆ ಹೊರಟಿದೀಯೋ, ನಿಬ್ಬಣಕ್ಕೋ?" ಎಂದು ತಾಯಿ ಛೇಡಿಸಿ ಕಳಿಸಿದ್ದಳು.

ಕ್ಮೀರಾ ಆಗಲೇ ಬಂದು ಬಾಗಿಲ ಬಳಿ ಕೂತಿದ್ದಳು. ಖಮೂಸ್ ಬಾಯಿ ತೆರೆಯುವ ಮೊದಲೇ ಗುರುಗಳು ಕೈಯೆತ್ತಿ ತಡೆದರು. ಓಣಿಯ ಮಾತು ಅವರ ಕಿವಿಗೂ ಬಿದ್ದಿತ್ತು.

"ನೀನು ಸಾಕ್ಷಿ ಹೇಳಿದ್ರೆ ಅವಳು ಯಾರನ್ನ ಬೇಕಾದ್ರೂ ಮದುವೆ ಆಗ್ಬಹುದು, ಮಗಾ. ನಿನ್ನೊಬ್ಬನ್ನ ಬಿಟ್ಟು. ಅವಳು ಬೇಕು ಅಂತ ಗಂಡನ್ನ ಬಾಯಲ್ಲೇ ಸಾಯಿಸಿದ ಅಂತ ಜನ ಅನ್ನಬಾರದಲ್ಲ, ಅದಕ್ಕೇ ಈ ಕಟ್ಟಳೆ. ಬೇರೆ ಯಾರಾದ್ರೂ ನೋಡಿದಾರಾ?"

ಇನ್ನೊಬ್ಬ ನೋಡಿದ್ದ. ಅವನೂ ಅದೇ ವಾರ ಜ್ವರದಲ್ಲಿ ಹೋದ. ಖಮೂಸ್ ಅದನ್ನೇ ಹೇಳಿದ. ಸುಮ್ಮನೆ ಹೊರಟುಹೋದರೆ ಅವಳು ಅವನವಳಾಗುವುದಿಲ್ಲ, ಆದರೆ ಬೇರೆಯವರ ಪಾಲೂ ಆಗುವುದಿಲ್ಲ. ಇದೇ ಓಣಿಯಲ್ಲಿ, ಅವನ ಕಣ್ಣೆದುರಿಗೇ ಮುದುಕಿಯಾಗುತ್ತಾಳೆ. ನಾಳೆ ಬಿಡುತ್ತೇವೆ ಎಂದು ಶಿಬಿರದ ಕಾವಲುಗಾರರು ದಿನವೂ ಹೇಳುತ್ತಿದ್ದರು. ಕಾಯಿಸುವುದೆಂದರೇನೆಂದು ಅವನಿಗೆ ಗೊತ್ತಿತ್ತು.

ಕ್ಮೀರಾಳ ಕಡೆ ನೋಡದೆ ಹೇಳತೊಡಗಿದ. ಬಿಜೆರ್ತಾದ ವಿಮಾನ ನಿಲ್ದಾಣದಲ್ಲಿ ಬಾಂಬು ಬಿದ್ದ ಹೊಂಡಗಳನ್ನು ಮುಚ್ಚುವುದು ಅವರ ಕೆಲಸ. ಮುಚ್ಚುತ್ತಿದ್ದಾಗಲೇ ಮತ್ತೆ ವಿಮಾನಗಳು ಬಂದವು. ಓಡಿದರೆ ಕಾವಲುಗಾರರ ಗುಂಡು. ಹೊಗೆ ಇಳಿದಾಗ ಬಿಶಿ ಮಗ್ಗುಲಾಗಿ ಬಿದ್ದಿದ್ದ.

ಗುರುತು ತಪ್ಪಿರಬಹುದೇ ಎಂದು ಗುರುಗಳು ಕೇಳಿದರು.

"ನಾನೇ ಮಣ್ಣು ಹಾಕಿದೀನಿ, ಗುರುಗಳೇ. ಮುಖಕ್ಕೆ ಏನೂ ಆಗಿರ್ಲಿಲ್ಲ. ಅದರ ಮೇಲೆ ಹಾಕಕ್ಕೆ ಕೈ ಬರಲಿಲ್ಲ. ನನ್ನ ಟೋಪಿ ಮುಚ್ಚಿ, ಆಮೇಲೆ ಹಾಕಿದೆ."

ಅವಳು ಬಿಡುಗಡೆಯಾದಳೆಂದು ಗುರುಗಳು ಸಾರಿದರು. ಸಾವು ಖಚಿತವಾಗುವಷ್ಟರಲ್ಲಿ ತಿಂಗಳು ದಾಟಿದ್ದರೆ ಏಳು ದಿನದ ಸೂತಕವಿಲ್ಲ, ಒಂದೇ ಗಂಟೆ. ಕ್ಮೀರಾ ಚಪ್ಪಲಿ ಕಳಚಿ ಬರಿಗಾಲಲ್ಲಿ ನೆಲಕ್ಕೆ ಕೂತಳು.

ಖಮೂಸ್ ಹೊರಡಲು ತಿರುಗಿದ.

"ಹೋಗ್ಬೇಡ," ಎಂದಳು. "ಇದೊಂದು ಗಂಟೆ ಇರು."

ಅವನು ಎದುರಿನ ಗೋಡೆಗೊರಗಿ ನೆಲದ ಮೇಲೆ ಕೂತ. ಅತ್ತರು, ಬೇರೆ ಬೇರೆಯಾಗಿ, ಸದ್ದಿಲ್ಲದೆ. ಗಂಟೆ ಮುಗಿಯಿತೆಂದು ಗುರುಗಳು ಹೇಳಿದ ಮೇಲೂ ಇಬ್ಬರೂ ಅಲುಗಲಿಲ್ಲ. ಮೊದಲು ಎದ್ದವನು ಖಮೂಸನೇ. ಅಂಗಡಿ ಬಾಗಿಲು ತೆಗೆಯುವ ಹೊತ್ತಾಗಿತ್ತು.