ಉಬ್ಬುತ್ತಿದ್ದ ಕೊನೆಯ ಹಿಟ್ಟು

2026ರ ಮಾರ್ಚ್ 4, ಬುಧವಾರ, ಬೆಳಗ್ಗೆ 5.40. ಮುಂಬೈಯ ವಡಾಲ ಸ್ಟೇಷನ್ನಿನ ಪಕ್ಕದ ಮೋನಪ್ಪ ಶೆಟ್ಟರ ಹೋಟೆಲಿನ ಅಡುಗೆಮನೆಯಲ್ಲಿ ನಾನು ಸ್ಟೀಲ್ ಸ್ಕೇಲ್ ಹಿಡಿದು ನಿಂತಿದ್ದೆ. ಹಿಟ್ಟಿನ ಗಾಜಿನ ಭರಣಿಯನ್ನು ಯಾರೋ ತೊಳೆದು ಬೋರಲು ಹಾಕಿದ್ದರು.

ಹತ್ತೊಂಬತ್ತು ದಿನಗಳಿಂದ ಜಗತ್ತಿನಲ್ಲೆಲ್ಲೂ ಹಾಲು ಹೆಪ್ಪುಗಟ್ಟಿರಲಿಲ್ಲ. ಸತ್ತದ್ದು ಕೊಳೆಯುತ್ತಿರಲಿಲ್ಲ, ನಮ್ಮ ಮಾರ್ಕೆಟ್ಟಿನಲ್ಲಿ ಎರಡು ವಾರದ ಬಂಗುಡೆ ಮೀನಿಗೂ ವಾಸನೆಯಿಲ್ಲ. ತಿಂದ ಮೇವು ಅರಗದೆ ದನಗಳು ಸಾಯುತ್ತಿದ್ದವು. ಕಣ್ಣಿಗೆ ಕಾಣದ ಜೀವಗಳು ಅಳಿಯುತ್ತಿವೆ, ಮುಂದಿನ ಸರದಿ ನಮ್ಮದು ಎನ್ನುತ್ತಿತ್ತು ರೇಡಿಯೋ. ಉಬ್ಬುತ್ತಿದ್ದದ್ದು ಶೆಟ್ಟರ ಇಡ್ಲಿ ಹಿಟ್ಟು ಮಾತ್ರ. ದಿನವೂ ಹಳೆಯದರಲ್ಲಿ ಒಂದು ಸೌಟು ಉಳಿಸಿ ಹೊಸದಕ್ಕೆ ಬೆರೆಸುವುದು ಅವರ ಪದ್ಧತಿ. ಒಂಬತ್ತು ಸೆಂಟಿಮೀಟರ್ ಹಿಟ್ಟು ಹನ್ನೆರಡು ಗಂಟೆಯಲ್ಲಿ ಹದಿನೆಂಟಕ್ಕೆ ಏರುವುದನ್ನು, ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕನಾದ ನಾನು, ತಪ್ಪದೆ ಬರೆದಿಡುತ್ತಿದ್ದೆ. ಆ ಹಿಟ್ಟನ್ನು ಒಯ್ದು ಅದರಲ್ಲಿನ ಜೀವಗಳನ್ನು ಬೆಳೆಸಲು ಪ್ರಯೋಗಾಲಯದವರು ಅಂದು ಸಂಜೆ ಬರುವವರಿದ್ದರು.

"ಭರಣಿ ತೊಳೆದಿದ್ದು ಯಾರಮ್ಮ?"

"ನಾನೇ ಮಾಸ್ಟ್ರೆ," ಎಂದರು ಶೆಟ್ಟರ ಹೆಂಡತಿ ನೀಲಾವತಿ. "ನಿನ್ನೆ ಗ್ರಹಣ ಅಲ್ವಾ? ಗ್ರಹಣ ಹಿಡಿದ ಹಿಟ್ಟು ಇಟ್ಕೊಳ್ಲಿಕ್ಕುಂಟಾ? ಚೆಲ್ಲಿ, ಕುದಿಯುವ ನೀರು ಹಾಕಿ ತಿಕ್ಕಿದೆ."

"ಒಂದೆಳೆ ದರ್ಬೆ ಹಾಕಿಟ್ಟಿದ್ರೆ ಸಾಕಿತ್ತಲ್ಲ ಮಾರಾಯ್ತಿ!" ಶೆಟ್ಟರು ತಲೆಯ ಮೇಲೆ ಕೈ ಹೊತ್ತರು.

"ದರ್ಬೆ ಎಂಥ, ಪ್ಲಾಟ್‌ಫಾರ್ಮಿನಲ್ಲಿ ಬೆಳೀತದಾ? ದರ್ಬೆ ಕೊಡುವ ಭಟ್ರು ಊರಿಗೆ ಓಡಿ ವಾರ ಆಯ್ತು. ಇರುವ ಒಂದು ಹಿಟ್ಟಿಗೂ ದೋಷ ತಾಗಿದ್ರೆ ಅಂತ ಹೆದರಿದೆ ನಾನು."

ಅವರನ್ನು ಬೈಯುವ ಹಕ್ಕು ನನಗಿರಲಿಲ್ಲ. ಹಿಂದಿನ ವಾರ ದಹಿಸರ್‌ನಿಂದ ಹೆಂಗಸೊಬ್ಬಳು ಬಟ್ಟಲು ಹಿಡಿದು ಬಂದು ಒಂದು ಚಮಚ ಹಿಟ್ಟು ಬೇಡಿದ್ದಳು. ಅಳತೆ ಕೆಡುತ್ತದೆ, ಕೊಡಬೇಡಿ ಎಂದವನು ನಾನು. ಕೊಟ್ಟಿದ್ದರೆ ಅದು ಇಂದು ದಹಿಸರ್‌ನಲ್ಲಾದರೂ ಇರುತ್ತಿತ್ತು.

ಗ್ರೈಂಡರಿನ ಕಲ್ಲಿನ ಅಡಿಯಲ್ಲಿ ಉಗುರಿನಷ್ಟು ಒಣ ಹಿಟ್ಟು ಅಂಟಿಕೊಂಡಿತ್ತು. ನೀಲಾವತಿ ಅದನ್ನು ಕೆರೆದು ತೆಗೆದು, ಹೊಸದಾಗಿ ರುಬ್ಬಿದ ಹಿಟ್ಟಿಗೆ ಬರಿಗೈಯಿಂದ ಕಲಸಿದರು. ಆರೂವರೆಗೆ ಅಳೆದೆ: ಒಂಬತ್ತು.

ಸಂಜೆ ಆರೂವರೆ. ಪ್ರಯೋಗಾಲಯದ ವ್ಯಾನು ಹೊರಗೆ ನಿಂತಿತ್ತು. ಶೆಟ್ಟರು ಭರಣಿಗೆ ಮೂಗು ತಾಗಿಸಿ ಹುಳಿಯ ವಾಸನೆ ಹುಡುಕುತ್ತಿದ್ದರು.

"ಎಷ್ಟು ಮಾಸ್ಟ್ರೆ? ಇದ್ದದ್ದು ಹೇಳಿ," ಎಂದರು ನೀಲಾವತಿ.

ಸ್ಕೇಲನ್ನು ಭರಣಿಯ ಮೂರು ಕಡೆ ಇಟ್ಟು ನೋಡಿದೆ.

ಒಂಬತ್ತು ಸೆಂಟಿಮೀಟರ್.